24 ಗ್ರಾಮೋ, 28 ಗ್ರಾಮೋ? ಕ್ಲೇ ಶೂಟಿಂಗ್‌ಗೆ ತೋಟಾ ಆರಿಸುವ ಕಥೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಅವಸರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆಡುವ ಸ್ಪೋರ್ಟಿಂಗ್ ಕ್ಲೇಗೆ, ಅಂದರೆ ಯಂತ್ರ ಹಾರಿಸುವ ಬಿಲ್ಲೆಗಳನ್ನು ಕೋವಿಯಿಂದ ಒಡೆಯುವ ಆಟಕ್ಕೆ, ನನ್ನ ಆಯ್ಕೆ 24 ಗ್ರಾಂ ಚರೆಯ ತೋಟಾ. ಒಳಗೆ 2.4 ಮಿ.ಮೀ. ಆಸುಪಾಸಿನ ಸೀಸದ ಚರೆ, ಫೈಬರ್ ವಾಡ್ (ಮದ್ದಿಗೂ ಚರೆಗೂ ನಡುವಿನ ತುಂಡು), ವೇಗ ಮಧ್ಯಮ. 28 ಗ್ರಾಂನ ಒಂದು ಡಬ್ಬವೂ ಚೀಲದ ತಳದಲ್ಲಿರುತ್ತದೆ. ಅದರ ಕೆಲಸ ಬೇರೆ.

ನಮ್ಮದು ಕೊಡಗು. ಕೋವಿಗೆ ಪೂಜೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಕೋವಿ ಹೊಸದಲ್ಲ, ತೋಟಾ ಆರಿಸಿಕೊಳ್ಳುವುದು ಮಾತ್ರ ಹೊಸದು. ಅಲ್ಲಿ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಈಡು ಹೊಡೆಯುವಾಗ ಅಂಗಡಿಯಲ್ಲಿ ಸಿಕ್ಕಿದ್ದೇ ತೋಟಾ. ಇಲ್ಲಿ ಪೊಲೀಸರು ಕೊಟ್ಟ ಶಾಟ್‌ಗನ್ ಸರ್ಟಿಫಿಕೇಟ್ ತೋರಿಸಿದರೆ ಗೋಡೆಯುದ್ದಕ್ಕೂ ಡಬ್ಬಗಳು: 1828ರಿಂದ ಇರುವ ಈಲಿ, ಹಲ್ ಎಂಬ ಒಂದೇ ಊರಿನ ಹಲ್ ಕಾರ್ಟ್ರಿಜ್ ಮತ್ತು ಗೇಮ್‌ಬೋರ್, ಇಟಲಿಯಿಂದ ಬರುವ ಫಿಯೋಕಿ, ಇನ್ನೂ ಹಲವು. ಒಂದೊಂದರಲ್ಲೂ ಐದಾರು ಬಗೆ. ಡಬ್ಬದ ಮೇಲಿನ ಹೆಸರು ಓದುತ್ತ ಹೋದರೆ ಎಲ್ಲವೂ ಚಿನ್ನ, ಎಲ್ಲವೂ ಚಾಂಪಿಯನ್. ಹಾಗಾಗಿ ಈ ಹೋಲಿಕೆಯಲ್ಲಿ ಹೆಸರುಗಳನ್ನು ಪಕ್ಕಕ್ಕಿಟ್ಟು ಒಳಗಿರುವುದನ್ನು ನೋಡಿದ್ದೇನೆ: ಚರೆಯ ಒಟ್ಟು ತೂಕ, ವೇಗ, ಚರೆಯ ಗಾತ್ರ, ವಾಡ್, ಸೀಸವೋ ಉಕ್ಕೋ ಎಂಬುದು. ಅವು ಹೊಂದಿದರೆ ಕಂಪನಿಯಿಂದ ಕಂಪನಿಗೆ ಇರುವ ವ್ಯತ್ಯಾಸ ನನ್ನಂಥವರ ಭುಜಕ್ಕೂ ಅಂಕಕ್ಕೂ ತಿಳಿಯುವುದಿಲ್ಲ.

ಹೊಡೆದದ್ದೆಲ್ಲ ಒಂದೇ 12 ಬೋರ್ ಕೋವಿಯಲ್ಲಿ. ಒಂದರ ಮೇಲೊಂದು ನಳಿಗೆ, ಕ್ವಾರ್ಟರ್ ಮತ್ತು ಹಾಫ್ ಚೋಕ್. ಚೋಕ್ ಅಂದರೆ ನಳಿಗೆಯ ತುದಿಯ ಬಿಗಿತ, ಬಿಗಿಯಾದಷ್ಟೂ ಚರೆ ಹರಡುವುದು ಕಡಿಮೆ. ಮೊದಲು ಪ್ಯಾಟರ್ನ್ ಪ್ಲೇಟು, ಆಮೇಲೆ ಅದೇ ಸ್ಟ್ಯಾಂಡುಗಳಲ್ಲಿ (ನಿಂತು ಹೊಡೆಯುವ ಜಾಗಗಳಲ್ಲಿ) ಅದೇ ಬಿಲ್ಲೆಗಳು. ಪ್ಯಾಟರ್ನ್ ಪ್ಲೇಟ್ ಅಂದರೆ ಬಿಳಿ ಬಳಿದ ದೊಡ್ಡ ಕಬ್ಬಿಣದ ಹಲಗೆ. 40 ಗಜ ದೂರದಿಂದ ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿತ್ತು ಎಂದು ಎಣಿಸುವುದು. ಬೇಸರದ ಕೆಲಸ, ನಿಜ. ಆದರೆ ಕ್ಲಬ್‌ನ ಚಹಾ ಕೋಣೆಯಲ್ಲಿ ಕೇಳುವ ಮಾತಿನ ಮುಕ್ಕಾಲು ಪಾಲು ಈ ಹಲಗೆಯ ಮುಂದೆ ನಿಲ್ಲುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಬಿಲ್ಲೆ ತಪ್ಪಿದವರೆಲ್ಲ ತೋಟಾ ಡೊಂಕು ಅನ್ನುತ್ತಾರೆ.

ಮೊದಲು ತೂಕದ ಲೆಕ್ಕ. 2.4 ಮಿ.ಮೀ. ಚರೆಯಾದರೆ 28 ಗ್ರಾಂ ತೋಟಾದಲ್ಲಿ ಸುಮಾರು 350, 24 ಗ್ರಾಂನಲ್ಲಿ ಸುಮಾರು 300. ಐವತ್ತು ಚರೆ ಕಡಿಮೆ ಅಂದಾಗ ಎದೆ ಧಸಕ್ಕೆನ್ನುತ್ತದೆ. ಹಾಫ್ ಚೋಕ್‌ಗೆ ಪುಸ್ತಕದ ಲೆಕ್ಕದಲ್ಲಿ ಶೇ 60ರಷ್ಟು ಚರೆ ಆ ವೃತ್ತದೊಳಗೆ ಬೀಳಬೇಕು: 28ರಲ್ಲಿ 210, 24ರಲ್ಲಿ 180. ಬಿಲ್ಲೆಯ ಅಗಲ 110 ಮಿ.ಮೀ. ಅದು ಪೂರ್ತಿ ಮುಖ ತೋರಿಸಿದರೆ ವೃತ್ತದ ಸುಮಾರು ನಲವತ್ತೆಂಟನೇ ಒಂದು ಪಾಲು ಜಾಗ ಹಿಡಿಯುತ್ತದೆ. ಅಂದರೆ 40 ಗಜದಲ್ಲಿ ಸರಾಸರಿ ನಾಲ್ಕೂವರೆ ಚರೆಯ ಬದಲು ನಾಲ್ಕಕ್ಕೆ ಸ್ವಲ್ಪ ಕಡಿಮೆ. ಎರಡೂ ಸಾಕು. ಬಿಲ್ಲೆ ಅಂಚು ಮಾತ್ರ ತೋರಿಸಿ ಹೋದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಒಂದು ಚರೆ. ಎರಡೂ ಸಾಲದು. ಅಂಥಲ್ಲಿ ತೋಟಾ ಬದಲಿಸುವುದಕ್ಕಿಂತ ಚೋಕ್ ಬಿಗಿ ಮಾಡುವುದು ಸುಲಭ: ಫುಲ್ ಚೋಕ್‌ನ ಶೇ 70ರ ಲೆಕ್ಕದಲ್ಲಿ 24 ಗ್ರಾಂ ಕೂಡ ವೃತ್ತದೊಳಗೆ 210 ಚರೆ ಇಡುತ್ತದೆ, ಹಾಫ್ ಚೋಕ್‌ನ 28 ಗ್ರಾಂ ಇಟ್ಟಷ್ಟೇ. ನನ್ನ ಹಲಗೆಯ ಮೇಲೆ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿರಲಿಲ್ಲ. ಒಂದೇ ಡಬ್ಬದ ಎರಡು ತೋಟಾಗಳ ನಡುವೆಯೇ ಇದಕ್ಕಿಂತ ಹೆಚ್ಚು ಏರುಪೇರು ಕಂಡಿದ್ದೂ ಉಂಟು.

ಇನ್ನು ಒದೆತ. ಒಂದೇ ವೇಗದಲ್ಲಿ, ಒಂದೇ ಕೋವಿಯಲ್ಲಿ ಹೊಡೆದರೆ 24 ಗ್ರಾಂನ ಒದೆತದ ಶಕ್ತಿ 28ರದ್ದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಮೊದಲ ಸ್ಟ್ಯಾಂಡಿನಲ್ಲಿ ಇದು ಗೊತ್ತೇ ಆಗುವುದಿಲ್ಲ. 100 ಬಿಲ್ಲೆಯ ಸ್ಪರ್ಧೆಯ ಕೊನೆಯ ಕಾಲು ಭಾಗಕ್ಕೆ ಬಂದಾಗ ಗೊತ್ತಾಗುತ್ತದೆ. ಕೆನ್ನೆ ಕೋವಿಯ ಹಿಡಿಯಿಂದ ತುಸು ಮೇಲೇಳಲು ಶುರುವಾಗುತ್ತದೆ, ಕುದುರೆ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೆ, ಹೊಡೆದವನಿಗೆ ಮಾತ್ರ ಅದರ ಅರಿವಿರುವುದಿಲ್ಲ. ಜೋಡಿ ಬಿಲ್ಲೆಗಳಲ್ಲಿ ಇನ್ನೂ ಸ್ಪಷ್ಟ: 24ರಲ್ಲಿ ಮೊದಲ ಈಡಿನ ನಂತರ ನಳಿಗೆ ಬೇಗ ಕೆಳಗಿಳಿದು ಎರಡನೆಯ ಬಿಲ್ಲೆಯನ್ನು ಹಿಡಿಯುತ್ತದೆ. ನನ್ನ ಅಂಕ ಏರಿದ್ದು ಹೆಚ್ಚಾಗಿ ಆ ಎರಡನೆಯ ಬಿಲ್ಲೆಗಳಿಂದ.

"24 ಗ್ರಾಂ ಹುಡುಗರ ತೋಟಾ" ಎನ್ನುವ ಹಿರಿಯರು ನಮ್ಮ ಕ್ಲಬ್‌ನಲ್ಲಿದ್ದಾರೆ. ಒಲಿಂಪಿಕ್ಸ್‌ನ ಬಿಲ್ಲೆ ಒಡೆಯುವ ಸ್ಪರ್ಧೆಗಳಾದ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ ಮಿತಿ 24 ಗ್ರಾಂ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದಿದ್ದೂ ಆ ಮಿತಿಯೊಳಗೇ. 2024ರ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ನೇಥನ್ ಹೇಲ್ಸ್ ಟ್ರ್ಯಾಪ್ ಫೈನಲ್‌ನಲ್ಲಿ 50ಕ್ಕೆ 48 ಒಡೆದು ಚಿನ್ನ ಗೆದ್ದರು. ಅದೂ ದೂರ ದೂರ ಓಡುವ, ಅಂಚು ತೋರಿಸುವ ಬಿಲ್ಲೆಗಳನ್ನು. ಅವರ ಕೋವಿಯ ಚೋಕ್ ಬಿಗಿ, ತೋಟಾ ವೇಗದ್ದು, ಕಣ್ಣು ನಮ್ಮದಲ್ಲ, ಎಲ್ಲ ಒಪ್ಪಿದೆ. ಆದರೂ 24 ಗ್ರಾಂಗೆ ಬಿಲ್ಲೆ ಒಡೆಯುವ ತಾಕತ್ತಿಲ್ಲ ಎನ್ನುವ ವಾದಕ್ಕೆ ಇದರ ಮೇಲೆ ಬೇರೆ ಉತ್ತರ ಬೇಕಿಲ್ಲ.

ವೇಗದ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಡಬ್ಬಗಳ ಮೇಲೆ ಸೆಕೆಂಡಿಗೆ ಇಷ್ಟು ಅಡಿ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 1350ರಿಂದ 1500. ನೂರು ಅಡಿ ಹೆಚ್ಚಿಗೆ ಕೊಂಡರೆ ಸಿಗುವುದೇನು? 35 ಮೀಟರ್ ದೂರಕ್ಕೆ ಚರೆ ಸೆಕೆಂಡಿನ ಸಾವಿರದ ಐದಾರು ಪಾಲು ಬೇಗ ಮುಟ್ಟುತ್ತದೆ. ಗಂಟೆಗೆ 65 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ಬಿಲ್ಲೆ ಅಷ್ಟರಲ್ಲಿ ಹತ್ತು ಸೆಂಟಿಮೀಟರ್ ಸಾಗಿರುತ್ತದೆ. ಚರೆ ಹರಡಿಕೊಳ್ಳುವ ಅಗಲ ಮುಕ್ಕಾಲು ಮೀಟರ್! ಬಿಲ್ಲೆಯ ಹಿಂದೆ ಹೊಡೆಯುವವರು ಹಿಂದೆ ಹೊಡೆಯುವುದು ಅರ್ಧ ಮೀಟರು, ಒಂದು ಮೀಟರಿನ ಲೆಕ್ಕದಲ್ಲಿ. ಹತ್ತು ಸೆಂಟಿಮೀಟರ್ ಅವರನ್ನು ಉಳಿಸುವುದಿಲ್ಲ. ಜೊತೆಗೆ, ಗುಂಡಗಿನ ಚರೆ ಎಷ್ಟು ಜೋರಾಗಿ ಹೊರಟರೆ ಗಾಳಿ ಅಷ್ಟೇ ಜೋರಾಗಿ ಹಿಡಿದೆಳೆಯುತ್ತದೆ, ನಳಿಗೆಯ ಬಾಯಲ್ಲಿದ್ದ ವೇಗದ ಅಂತರ ದೂರ ಹೋದಷ್ಟೂ ಕರಗುತ್ತದೆ. ಒದೆತವೋ ಕರಗುವುದಿಲ್ಲ, ಶೇ 15ರಷ್ಟು ಏರಿ ನೇರ ಭುಜಕ್ಕೆ ಬರುತ್ತದೆ. 1350–1400ರ ತೋಟಾ ಇರುವಾಗ 1500ಕ್ಕೆ ಹೆಚ್ಚಿಗೆ ದುಡ್ಡು ಕೊಡಲು ನನಗೆ ಕಾರಣ ಸಿಕ್ಕಿಲ್ಲ. ವೇಗಕ್ಕಿಂತ ಮುಖ್ಯ, ಒಂದೇ ಬಗೆಯ ತೋಟಾಕ್ಕೆ ಅಂಟಿಕೊಳ್ಳುವುದು. ಆಗ ಬಿಲ್ಲೆಯ ಮುಂದೆ ಎಷ್ಟು ಹಿಡಿಯಬೇಕು ಎನ್ನುವುದು ಕೈಗೆ ತಾನಾಗಿ ಕೂರುತ್ತದೆ.

ಚರೆಯ ಗಾತ್ರದಲ್ಲಿ ಮಾತ್ರ ನಿಜವಾದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರಿಕೆ: ನಂಬರ್ ನಂಬಬೇಡಿ, ಮಿಲಿಮೀಟರ್ ನೋಡಿ. ಅಮೆರಿಕದ ಏಳೂವರೆ ನಂಬರ್ ಇಂಗ್ಲಿಷ್ ಲೆಕ್ಕದ ಏಳಕ್ಕೆ ಸಮ. ಬೇರೆ ಬೇರೆ ದೇಶದ ಡಬ್ಬಗಳನ್ನು ನಂಬರ್ ನೋಡಿ ಹೋಲಿಸಿದರೆ ಹೋಲಿಕೆಯೇ ತಪ್ಪು.

ನಾನು ಪಕ್ಕಪಕ್ಕಕ್ಕೆ ಇಟ್ಟು ನೋಡಿದ್ದು 2.0, 2.2 ಮತ್ತು 2.4 ಮಿ.ಮೀ. ಎರಡು ಮಿ.ಮೀ. ಚರೆ 24 ಗ್ರಾಂನಲ್ಲಿ ಐನೂರಕ್ಕೂ ಹೆಚ್ಚು. ಹಲಗೆಯ ಮೇಲೆ ನೋಡಿದರೆ ನೊಣ ತೂರಲೂ ಜಾಗವಿಲ್ಲ. ಸ್ಕೀಟ್ ಸ್ಟ್ಯಾಂಡುಗಳಲ್ಲಿ, 20–25 ಗಜದೊಳಗೆ, ಅದರಷ್ಟು ಸೊಗಸಾಗಿ ಬಿಲ್ಲೆಯನ್ನು ಹೊಗೆ ಮಾಡುವುದು ಇನ್ನೊಂದಿಲ್ಲ. 60 ಮಿ.ಮೀ.ನ ಪುಟ್ಟ ಮಿನಿ ಬಿಲ್ಲೆಗೂ ಅದೇ ಸರಿ. ಆದರೆ ಅದರ ಒಂದೊಂದು ಚರೆಯ ತೂಕ 2.4ರದ್ದಕ್ಕೆ ಹೋಲಿಸಿದರೆ ಶೇ 60ಕ್ಕೂ ಕಡಿಮೆ. 30 ಗಜ ದಾಟಿತೋ, ಬಿಲ್ಲೆಯಿಂದ ಧೂಳು ಹಾರುತ್ತದೆ, ಬಿಲ್ಲೆ ಮಾತ್ರ ಏನೂ ಆಗದಂತೆ ಹೋಗಿ ಹುಲ್ಲಿಗೆ ಬೀಳುತ್ತದೆ. ನಿಯಮದ ಪ್ರಕಾರ ಧೂಳಿಗೆ ಅಂಕವಿಲ್ಲ, ಕಣ್ಣಿಗೆ ಕಾಣುವ ಚೂರು ಬೇರೆಯಾಗಬೇಕು. ಚರೆ ತಗುಲಿಯೂ ಸೊನ್ನೆ ಬರೆಸಿಕೊಳ್ಳುವುದಕ್ಕಿಂತ ಪೂರ್ತಿ ತಪ್ಪುವುದು ಎಷ್ಟೋ ಮೇಲು.

ನೆಲದ ಮೇಲೆ ಉರುಳಿಕೊಂಡು ಬರುವ ರ್‍ಯಾಬಿಟ್ ಬಿಲ್ಲೆ ಬೇರೆಯದೇ ಜಾತಿ. ಪುಟಿದರೂ ಒಡೆಯದಿರಲೆಂದು ಅದನ್ನು ದಪ್ಪ ಅಂಚಿನಿಂದ ಮಾಡಿರುತ್ತಾರೆ. ಸಣ್ಣ ಚರೆಗೆ ಜಗ್ಗುವುದಿಲ್ಲ. ತೆಳ್ಳನೆಯ ಬಟ್ಟೂ ಬಿಲ್ಲೆ ಅಂಚು ತೋರಿಸುತ್ತ ಬಂದು ಗಾಳಿಯಲ್ಲೇ ಹೊರಳಿ ಮುಖ ತೋರಿಸುತ್ತದೆ. ಹೊರಳುವವರೆಗೆ ಕಾಯುವ ತಾಳ್ಮೆ ಇದ್ದರೆ ಯಾವ ಚರೆಯಾದರೂ ಆದೀತು. 2.2 ಮಿ.ಮೀ. ನಡುವಿನದು, ಯಾವುದಕ್ಕೂ ಕೆಟ್ಟದ್ದಲ್ಲ, ಬಹಳ ಜನ ಅದನ್ನೇ ಬಳಸುತ್ತಾರೆ. ನಾನು 2.4ಕ್ಕೆ ನಿಂತಿದ್ದೇನೆ. ಹತ್ತಿರದ ಬಿಲ್ಲೆಯನ್ನೂ ಅದು ಒಡೆಯುತ್ತದೆ, ದೂರದ್ದರಲ್ಲಿ ಒಂದೆರಡೇ ಚರೆ ತಗುಲಿದರೂ ಚೂರು ಹಾರುತ್ತದೆ. ಅಂಚು ತೋರಿಸುವ 40 ಗಜದ ಬಿಲ್ಲೆಗೆ ಬಿಗಿ ಚೋಕ್‌ನ ಜೊತೆ 28 ಗ್ರಾಂ, ಪ್ಲಾಸ್ಟಿಕ್‌ಗೆ ಅಡ್ಡಿಯಿಲ್ಲದ ಮೈದಾನವಾದರೆ ಪ್ಲಾಸ್ಟಿಕ್ ವಾಡ್. ಚೀಲದ ತಳದ ಡಬ್ಬ ಹೊರಬರುವುದು ಆಗ ಮಾತ್ರ.

ವಾಡ್ ವಿಷಯದಲ್ಲಿ ನಮ್ಮ ಇಷ್ಟಕ್ಕೆ ಬೆಲೆ ಕಡಿಮೆ. ಮದ್ದಿಗೂ ಚರೆಗೂ ನಡುವೆ ಕೂರುವ ಈ ತುಂಡು ಪ್ಲಾಸ್ಟಿಕ್ಕಿನದಾದರೆ ಬಟ್ಟಲಿನಂತೆ ಚರೆಯನ್ನು ಹಿಡಿದುಕೊಂಡು ನಳಿಗೆಯ ಉಜ್ಜಾಟದಿಂದ ಕಾಪಾಡುತ್ತದೆ. ಹಲಗೆಯ ಮೇಲೆ ಹರಡು ಸ್ವಲ್ಪ ಬಿಗಿ, ಸಂಜೆ ನಳಿಗೆ ಒರೆಸುವಾಗ ಕೊಳೆಯೂ ಕಡಿಮೆ. ಫೈಬರ್‌ನದು ಸ್ವಲ್ಪ ಅಗಲಕ್ಕೆ ಹರಡುತ್ತದೆ. 25 ಗಜದ ಬಿಲ್ಲೆಗೆ ಅದೇ ಒಳ್ಳೆಯದು. ಎರಡರ ಅಂತರ ಒಂದು ಹಂತದ ಚೋಕ್‌ಗಿಂತ ಹೆಚ್ಚಿಲ್ಲ. ಆದರೆ ಇಲ್ಲಿನ ಬಹಳಷ್ಟು ಮೈದಾನ ರೈತರ ಹೊಲ. ಶೂಟಿಂಗ್ ಮುಗಿದ ಮೇಲೆ ದನ, ಕುರಿ ಮೇಯಲು ಬರುತ್ತವೆ, ಪ್ಲಾಸ್ಟಿಕ್ ವಾಡ್ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಬಾಗಿಲಲ್ಲೇ 'ಫೈಬರ್ ಮಾತ್ರ' ಎಂಬ ಹಲಗೆ. ಹೇಗೂ ಅರ್ಧಕ್ಕರ್ಧ ಮೈದಾನಗಳಲ್ಲಿ ಫೈಬರ್ ಬೇಕೇ ಬೇಕು ಅಂದಮೇಲೆ ಎಲ್ಲ ಕಡೆಗೂ ಅದನ್ನೇ ಒಯ್ಯುವುದು ವಾಸಿ. ನೀರಿನಲ್ಲಿ ಕರಗುವ ವಾಡ್‌ಗಳೂ ಈಗ ಬಂದಿವೆ. ಹರಡು ಪ್ಲಾಸ್ಟಿಕ್ಕಿನಂತೆಯೇ, ಬೆಲೆ ಹೆಚ್ಚು, ತೇವದ ಗ್ಯಾರೇಜಿನಲ್ಲಿ ಇಡಬಾರದು.

ಅಗ್ಗದ ತೋಟಾಕ್ಕೂ ದುಬಾರಿಯದಕ್ಕೂ ಸಾವಿರಕ್ಕೆ ನೂರು ಪೌಂಡ್ ಆಸುಪಾಸಿನ ಅಂತರವಿದೆ. ದುಬಾರಿಯದರಲ್ಲಿ ಸಾಮಾನ್ಯವಾಗಿ ಸೀಸಕ್ಕೆ ಆಂಟಿಮನಿ ಹೆಚ್ಚು ಬೆರೆಸಿರುತ್ತಾರೆ. ಚರೆ ಗಟ್ಟಿಯಾಗುತ್ತದೆ, ಹೊರಡುವಾಗ ಜಜ್ಜಿ ಹೋಗುವುದಿಲ್ಲ, ಹೆಚ್ಚು ಚರೆ ನೇರ ಹೋಗುತ್ತದೆ. ಹಲಗೆಯ ಮೇಲೆ ಇದು ಕಂಡಿತು, ಅದರಲ್ಲೂ ಬಿಗಿ ಚೋಕ್‌ನಲ್ಲಿ. ಅಂಕದಲ್ಲಿ ನನಗೆ ಕಾಣಲಿಲ್ಲ. ಆ ನೂರು ಪೌಂಡನ್ನು ಅಭ್ಯಾಸದ ಬಿಲ್ಲೆಗೆ ಸುರಿದರೆ ಕಾಣುತ್ತದೆ.

ಹೊಸದಾಗಿ ಕಲಿಯುವವರಿಗೆ, ಹಗುರ ಮೈಕಟ್ಟಿನವರಿಗೆ 21 ಗ್ರಾಂ. ನನ್ನ ಹೆಂಡತಿ ಅದರಲ್ಲೇ ಹೊಡೆಯುವುದು, ಹತ್ತಿರದ ಸ್ಟ್ಯಾಂಡುಗಳಲ್ಲಿ ನನ್ನನ್ನು ಹಿಂದಿಕ್ಕಿದ್ದಾಳೆ, ಅದನ್ನು ಮನೆಗೆ ಬಂದವರಿಗೆಲ್ಲ ಹೇಳಿಯೂ ಇದ್ದಾಳೆ. ಸೆಮಿ ಆಟೋಮ್ಯಾಟಿಕ್ ಕೋವಿ ಇದ್ದವರು ಮಾತ್ರ ಮೊದಲು ಒಂದೇ ಡಬ್ಬ ಕೊಂಡು ನೋಡಲಿ. ಹಗುರ ತೋಟಾ ಕೆಲವು ಕೋವಿಗಳಲ್ಲಿ ಖಾಲಿ ಸಿಪ್ಪೆಯನ್ನು ಹೊರಗೆ ಎಸೆಯುವಷ್ಟು ಬಲ ಕೊಡುವುದಿಲ್ಲ. ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆ ಕೋವಿಗಳಲ್ಲಿ ಅನೇಕಕ್ಕೆ ತೋಟಾ ಕೂರುವ ಮನೆ (ಚೇಂಬರ್) 65 ಮಿ.ಮೀ.ನದು. ಅಂಥದ್ದಕ್ಕೆ 70 ಮಿ.ಮೀ. ತೋಟಾ ತುರುಕಬೇಡಿ, ಒಳಗೆ ಸಲೀಸಾಗಿ ಹೋಗುತ್ತದೆ, ಅದೇ ಅಪಾಯ: ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. 12ಕ್ಕಿಂತ ಸಣ್ಣ ನಳಿಗೆಯ 20 ಬೋರ್ ತೋಟಾ ಹಳದಿ ಬಣ್ಣದಲ್ಲಿ ಬರುವುದಕ್ಕೂ ಇಂಥದ್ದೇ ಕಾರಣ. ಅದು 12 ಬೋರ್‌ಗೆ ಬಿದ್ದರೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಮೇಲೊಂದು 12 ಬೋರ್ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಎರಡನ್ನೂ ಒಂದೇ ಜೇಬಿನಲ್ಲಿ ಇಡಲೇಬಾರದು.

ಕೊನೆಗೆ ಉಕ್ಕು. ಹಕ್ಕಿಗಳು ಹರಳೆಂದು ಸೀಸದ ಚರೆ ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕಾಗಿ ಸೀಸಕ್ಕೆ ನಿರ್ಬಂಧ ತರುವುದಾಗಿ ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಘೋಷಿಸಿತು, ಬದಲಾಯಿಸಿಕೊಳ್ಳಲು ಮೂರು ವರ್ಷದ ಅವಧಿ ಇಟ್ಟು. ಹಾಗಾಗಿ ಉಕ್ಕನ್ನೂ ಸೀಸದ ಪಕ್ಕ ಇಟ್ಟು ನೋಡಿದೆ. ಉಕ್ಕು ಹಗುರ, ಸಾಂದ್ರತೆ ಸೀಸದ ಮುಕ್ಕಾಲಿಗೂ ಕಡಿಮೆ, ಬೇಗ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಚರೆ ಒಂದೆರಡು ನಂಬರ್ ದಪ್ಪ ಬೇಕು. ಗಟ್ಟಿಯಾದ್ದರಿಂದ ಜಜ್ಜುವುದಿಲ್ಲ, ಹರಡು ತಾನಾಗಿಯೇ ಬಿಗಿ. ನಳಿಗೆಗೆ ಗೀರು ಬೀಳದಂತೆ ಬಟ್ಟಲಿನ ವಾಡ್ ಬೇಕು, ಅಂದರೆ 'ಫೈಬರ್ ಮಾತ್ರ' ಮೈದಾನಗಳಲ್ಲಿ ಕರಗುವ ವಾಡೇ ಗತಿ. 30 ಗಜದೊಳಗೆ ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ, ಬಿಲ್ಲೆಗಳು ಒಡೆದವು. ಅದರಾಚೆ ಸೀಸವೇ ಮೇಲು. ಉಕ್ಕು ಹೊಡೆಯುವ ದಿನ ಎರಡೂ ನಳಿಗೆಗೆ ಕ್ವಾರ್ಟರ್ ಚೋಕ್ ಹಾಕುತ್ತೇನೆ, ಹಾಫ್‌ಗಿಂತ ಬಿಗಿ ಮಾಡುವುದಿಲ್ಲ. ಗಟ್ಟಿ ಜಾಗಕ್ಕೆ ಬಡಿದರೆ ಚರೆ ಪುಟಿದು ಬರುವುದರಿಂದ ಕಬ್ಬಿಣದ ಪ್ಯಾಟರ್ನ್ ಪ್ಲೇಟಿಗೆ ಉಕ್ಕನ್ನು ಹೊಡೆಯಲೇಬೇಡಿ, ದೊಡ್ಡ ಕಾಗದದ ಹಾಳೆ ಕಟ್ಟಿ ಎಣಿಸಿ. ಕನ್ನಡಕವಂತೂ ನೋಡಲು ನಿಂತವರಿಗೂ ಇರಲಿ.