ಹೆಸರು ಕೇಳದ ಸರ್ವೆಯೂ ನಿಮ್ಮನ್ನು ಹಿಡಿದುಕೊಡುತ್ತದೆ

ಇನ್‌ಕ್ರಿಮೆಂಟ್ ಕಾಲ ಹತ್ತಿರ ಬಂದಂತೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಕಂಪನಿಗಳಲ್ಲೂ ಈಗ ಎಚ್‌ಆರ್‌ನಿಂದ ಒಂದು ಲಿಂಕ್ ಬರುತ್ತದೆ. ಕೆಲಸದಲ್ಲಿ ತೃಪ್ತಿ ಇದೆಯೇ, ಮೇಲಧಿಕಾರಿ ನಿಮ್ಮ ಮಾತು ಕೇಳುತ್ತಾರೆಯೇ ಎಂಬಂಥ ಪ್ರಶ್ನೆಗಳು. ‘ನಿಮ್ಮ ಉತ್ತರ ಗೌಪ್ಯವಾಗಿರುತ್ತದೆ’ ಎಂದು ಮೇಲೆಯೇ ಬರೆದಿರುತ್ತಾರೆ. ದಯವಿಟ್ಟು ಆ ಒಂದು ಸಾಲನ್ನು ನಂಬಿ ಕೊನೆಯ ಕಮೆಂಟ್ ಬಾಕ್ಸಿನಲ್ಲಿ ಮನಸ್ಸು ಬಿಚ್ಚಬೇಡಿ. ನನಗೆ ಆದದ್ದನ್ನು ಹೇಳುತ್ತೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ನನ್ನ ಜೊತೆಗಿದ್ದ ಮಂದಿ ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ.

ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗಳನ್ನು (ಎರಕ ಹೊಯ್ದ ಭಾಗಗಳನ್ನು) ಮಶೀನಿಂಗ್ ಮಾಡಿ ಕಳಿಸುವ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿದ್ದೆ. ಎಚ್‌ಆರ್‌ನವರು ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂಡಿಸಿ, “ಹೆಸರ ಕೇಳಂಗಿಲ್ರಿ, ಹೊರಗಿನ ಏಜೆನ್ಸಿ ಎಲ್ಲಾ ನೋಡ್ಕೋತೈತಿ, ಬಿಚ್ಚು ಮನಸ್ಸಿಂದ ಬರೀರಿ” ಅಂದರು. ಫಾರ್ಮಿನಲ್ಲಿ ಹೆಸರು ಕೇಳಿರಲಿಲ್ಲ, ನಿಜ. ವಿಭಾಗ, ಪಾಳಿ, ಹೆಣ್ಣೋ ಗಂಡೋ, ಎಷ್ಟು ವರ್ಷದ ಸರ್ವಿಸ್ ಎಂದಷ್ಟೇ ಕೇಳಿದ್ದರು. ನಾನು ಎರಡು ವಿಷಯ ಬರೆದೆ. ತಿಂಗಳ ಕೊನೆಗೆ ಡಿಸ್ಪ್ಯಾಚ್ ಅವಸರದಲ್ಲಿ ಗೇಜ್ (ಅಳತೆಯ ಸಾಧನ) ಹಚ್ಚಿ ನೋಡುವ ಮೊದಲೇ ತಪಾಸಣಾ ವರದಿಗೆ ಸಹಿ ಹಾಕಿಸಿಕೊಳ್ಳುತ್ತಾರೆ ಎಂಬುದು ಒಂದು. ಶಾಪ್‌ನಲ್ಲಿ ಓಟಿ (ಓವರ್‌ಟೈಮ್) ಮಾಡಿದವರಿಗೆ ದುಪ್ಪಟ್ಟು ಕೊಡುವ ಬದಲು ಸಾದಾ ದರದಲ್ಲೇ ಪಗಾರ ಹಾಕುತ್ತಾರೆ ಎಂಬುದು ಇನ್ನೊಂದು. ಬರೆದದ್ದು ಕನ್ನಡದಲ್ಲಿ. ಆಫೀಸಿನ ಮಂದಿ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕೆಲವರು ಮರಾಠಿಯಲ್ಲಿ ಬರೆದಿದ್ದರಂತೆ.

ಕೆಲವು ವಾರ ಬಿಟ್ಟು ಮ್ಯಾನೇಜರ್ ಸಾಹೇಬರು ಕ್ಯಾಬಿನ್ನಿಗೆ ಕರೆದರು. ಮುಂದೆ ಎಕ್ಸೆಲ್ ಶೀಟ್ ತೆರೆದಿತ್ತು. “ಗೇಜ್ ಹಚ್ಚೂಕಿಂತ ಮೊದಲ ಸಹಿ ಮಾಡಿಸ್ಕೋತಾರಂತ ಯಾರೋ ಬರದಾರ್ರೀ ಮೇಡಂ. ಯಾರಿರಬಹುದು?” ಎಂದು ನನ್ನ ಮಾತನ್ನೇ ನನಗೆ ಓದಿ ಹೇಳಿದರು. ನಾನು ಉತ್ತರ ಕೊಡಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಕ್ವಾಲಿಟಿ ವಿಭಾಗದಲ್ಲಿ ಇದ್ದದ್ದು ಇಬ್ಬರು ಹೆಂಗಸರು, ಇನ್ನೊಬ್ಬಳು ಆಗಷ್ಟೇ ಸೇರಿದ ಹುಡುಗಿ. ವಿಭಾಗ, ಲಿಂಗ, ಐದು ವರ್ಷದ ಮೇಲಿನ ಸರ್ವಿಸ್, ಈ ಮೂರು ಕಾಲಂ ಕೂಡಿದರೆ ಸಾಕಾಗಿತ್ತು.

ಯಾರೂ ಬೈಯಲಿಲ್ಲ, ನೋಟಿಸು ಕೊಡಲಿಲ್ಲ. ಅಳತೆ ತಪಾಸಣೆ ನಡೆಯುವ ಸ್ಟ್ಯಾಂಡರ್ಡ್ ರೂಮಿನಿಂದ ತೆಗೆದು ಸ್ಟೋರಿನಲ್ಲಿ ಬರುವ ಮಾಲಿನ ಲೆಕ್ಕಕ್ಕೆ ಕೂರಿಸಿದರು. ಆ ವರ್ಷದ ಅಪ್ರೈಸಲ್‌ನಲ್ಲಿ ‘ತಂಡದೊಂದಿಗೆ ಹೊಂದಾಣಿಕೆ ಕಡಿಮೆ’ ಎಂದು ಬಂತು, ಇನ್‌ಕ್ರಿಮೆಂಟ್ ಹೆಸರಿಗಷ್ಟೇ ಆಯಿತು. ಎಚ್‌ಆರ್‌ಗೆ ಹೋಗಿ ಕೇಳಿದರೆ, “ನಾವು ನಿಮ್ಮ ಹೆಸರ ಯಾರಿಗೂ ಕೊಟ್ಟಿಲ್ರೀ ಅಕ್ಕಾರ” ಅಂದರು. ಅದೂ ಸುಳ್ಳಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಕೊಟ್ಟ ಮಾತಿನ ಅಕ್ಷರ ಉಳಿಸಿಕೊಂಡರು, ಮನುಷ್ಯಳನ್ನು ಒಪ್ಪಿಸಿಬಿಟ್ಟರು.

ಹೆಸರಿಲ್ಲದ ಮಾಹಿತಿಯಿಂದ ಮನುಷ್ಯರನ್ನು ಹುಡುಕುವುದು ಎಷ್ಟು ಸುಲಭ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ 2000ರಲ್ಲೇ ತೋರಿಸಿದ್ದಾರೆ. ಅಂಚೆ ಪಿನ್ ಸಂಖ್ಯೆ, ಹುಟ್ಟಿದ ತಾರೀಖು, ಲಿಂಗ, ಈ ಮೂರರಿಂದಲೇ ಅಲ್ಲಿನ ಜನಸಂಖ್ಯೆಯ ಶೇ. 87ರಷ್ಟು ಮಂದಿಯನ್ನು ಬೇರೆ ಮಾಡಿ ಗುರುತಿಸಬಹುದು ಎಂದು ಅವರ ಲೆಕ್ಕ. ಇಡೀ ದೇಶದ ಕತೆಯೇ ಹಾಗಿದ್ದರೆ, ಒಂದು ಶೆಡ್ಡಿನೊಳಗಿನ ಒಂದು ವಿಭಾಗದಲ್ಲಿ ನಾವು ಎಲ್ಲಿ ಬಚ್ಚಿಟ್ಟುಕೊಳ್ಳುವುದು?

ಲಿಂಕ್ ಬಂದಾಗ ಪಕ್ಕದವರ ಲಿಂಕ್ ಜೊತೆ ಹೋಲಿಸಿ ನೋಡಿ. ಕೊನೆಯ ಅಕ್ಷರ, ಅಂಕಿ ಬೇರೆ ಬೇರೆ ಇದ್ದರೆ ಒಬ್ಬೊಬ್ಬರಿಗೂ ಒಂದೊಂದು ಲಿಂಕ್ ಕಳಿಸಿದ್ದಾರೆ ಎಂದರ್ಥ. ‘ನೀವು ಇನ್ನೂ ಸರ್ವೆ ತುಂಬಿಲ್ಲ’ ಎಂಬ ಮೇಲ್ ತುಂಬದವರಿಗೆ ಮಾತ್ರ ಬಂದರೆ, ಯಾರು ತುಂಬಿದರು ಎಂಬ ಲೆಕ್ಕ ಎಲ್ಲೋ ಇದೆ. ಮೈಕ್ರೋಸಾಫ್ಟ್ ಫಾರ್ಮ್ಸ್‌ನಲ್ಲಿ ಹೆಸರು ದಾಖಲಾಗುವಂತಿದ್ದರೆ ಫಾರ್ಮಿನಲ್ಲೇ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ, ಗೂಗಲ್ ಫಾರ್ಮಿನಲ್ಲೂ ಇಮೇಲ್ ದಾಖಲಾಗುವುದಿದ್ದರೆ ತಲೆಭಾಗದಲ್ಲಿ ಕಾಣುತ್ತದೆ. ಇವೆಲ್ಲ ಸರಿಯಿದ್ದರೂ ಕಮೆಂಟ್ ಬಾಕ್ಸ್ ಅಪಾಯದ್ದೇ. ನಿಮ್ಮ ಭಾಷೆ, ನೀವು ಆಡುವ ಪದ, ನಿಮಗೊಬ್ಬರಿಗೇ ಗೊತ್ತಿರುವ ಘಟನೆ ಸಾಕು.

ಎಲ್ಲ ಸರ್ವೆಗಳೂ ಮೋಸ ಎಂದು ನಾನು ಹೇಳುತ್ತಿಲ್ಲ. ನೆಟ್ಟಗೆ ನಡೆಸುವ ಏಜೆನ್ಸಿಗಳು ಐದೋ ಹತ್ತೋ ಮಂದಿಗಿಂತ ಕಡಿಮೆ ಇರುವ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸುವುದೇ ಇಲ್ಲ. ನಮ್ಮಲ್ಲಿ ಆ ಮಿತಿ ಹಾಕಿರಲಿಲ್ಲ. ಕಚ್ಚಾ ಶೀಟ್ ಸೀದಾ ಮ್ಯಾನೇಜರ್ ಮೇಜಿಗೆ ಹೋಗಿತ್ತು.

ಓಟಿ ವಿಷಯ ಸರ್ವೆಯಲ್ಲಿ ಹೇಳಿಕೊಳ್ಳುವಂಥ ಅಭಿಪ್ರಾಯವೇ ಅಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೊಡಲೇಬೇಕಿತ್ತು. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು ಎಂದು ಅದೇ ಕಾಯ್ದೆಗೆ 1987ರಲ್ಲಿ 118ಎ ಕಲಂ ಸೇರಿಸಿದ್ದರು. ಎಚ್‌ಆರ್ ಮೇಲ್‌ನ ‘ಗೌಪ್ಯ’ಕ್ಕೆ ಅಂಥ ಯಾವ ಕಟ್ಟೂ ಇರಲಿಲ್ಲ. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಇರುವುದೇ ಇಂಥದ್ದಕ್ಕೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿಯೂ ಇರಬೇಕು. ಸಮಿತಿಯಲ್ಲಿ ಹೆಸರು ಹೇಳಿಯೇ ದೂರು ಕೊಡಬೇಕಾಗುತ್ತದೆ, ಆದರೆ ಕೊಟ್ಟದ್ದಕ್ಕೆ ಕಾಗದ ಉಳಿಯುತ್ತದೆ.

ನಾನು ಆ ಕೆಲಸ ಬಿಟ್ಟೆ. ಅಲ್ಲೇ ಇರುವ ಆ ಹುಡುಗಿ ಮೊನ್ನೆ ಫೋನ್ ಮಾಡಿ, “ಈ ವರ್ಷದ ಲಿಂಕ್ ಬಂದೈತ್ರೀ ಅಕ್ಕಾ, ತುಂಬದ ಬಿಡ್ಲ್ಯಾ?” ಎಂದು ಕೇಳಿದಳು. ಬಿಡಬೇಡ ಅಂದೆ, ತುಂಬದವರ ಪಟ್ಟಿಯೂ ಅವರ ಹತ್ತಿರ ಇರುತ್ತದೆ. ಪ್ರಶ್ನೆಗಳಿಗೆ ಅಂಕ ಕೊಡು, ಕಮೆಂಟ್ ಬಾಕ್ಸ್ ಖಾಲಿ ಬಿಡು. ಕಚ್ಚಾ ಶೀಟ್ ಯಾರ ಕೈಗೆ ಹೋಗುತ್ತದೆ, ಎಷ್ಟು ಮಂದಿಗಿಂತ ಸಣ್ಣ ಗುಂಪನ್ನು ತೋರಿಸುವುದಿಲ್ಲ ಎಂದು ನಾಲ್ಕೈದು ಮಂದಿ ಸೇರಿ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿರಿ, ಉತ್ತರ ಬರಹದಲ್ಲಿ ಬರುವ ತನಕ ಅಂಕವನ್ನೂ ನಡುವಿನದ್ದೇ ಕೊಡು ಅಂದೆ.