ಹಾಸನದಲ್ಲಿ ಮಿಸ್ಡ್ ಕಾಲ್, ಅರಸೀಕೆರೆಯಲ್ಲಿ ನೀರು: ಮೊಬೈಲ್ ಸ್ಟಾರ್ಟರ್ ಜೊತೆ ಆರು ವರ್ಷ

ನಮ್ಮ ತೋಟ ಇರುವುದು ಅರಸೀಕೆರೆ ಕಡೆ, ನಾನಿರುವುದು ಹಾಸನದಲ್ಲಿ. ನಡುವೆ 40 ಕಿಲೋಮೀಟರ್ ಚಿಲ್ಲರೆ ದಾರಿ. ತೋಟದಲ್ಲಿ 150 ತೆಂಗಿನ ಮರ, ಒಂದು ಬೋರ್‌ವೆಲ್, ಅದರೊಳಗೆ 7.5 ಎಚ್‌ಪಿ ಮೋಟಾರ್. ಜೊತೆಗೆ 74 ವರ್ಷದ ಅಪ್ಪ. ಅಪ್ಪ ಊರು ಬಿಟ್ಟು ಬರಲ್ಲ, ಕರೆಂಟು ಹೇಳಿದ ಹೊತ್ತಿಗೆ ಬರಲ್ಲ. ಈ ಎರಡರ ಮಧ್ಯೆ ಸಿಕ್ಕಿಹಾಕಿಕೊಂಡು 2019ರಲ್ಲಿ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಡಬ್ಬಕ್ಕೆ 6,500 ರೂಪಾಯಿ, ಕೂರಿಸಿದ ಎಲೆಕ್ಟ್ರಿಷಿಯನ್‌ಗೆ 500. ಕಂಪನಿ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಅದನ್ನು ಎಲ್ಲಿ, ಯಾವ ಲೈನಿನ ಮೇಲೆ ಕೂರಿಸುತ್ತೀರಿ ಅನ್ನುವುದೇ ಮುಖ್ಯ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಟಿಫಿನ್ ಡಬ್ಬದಷ್ಟು ದೊಡ್ಡ ಪೆಟ್ಟಿಗೆ. ಮೋಟಾರ್ ಮನೆಯ ಗೋಡೆಯಲ್ಲಿ ಮಾಮೂಲಿ ಸ್ಟಾರ್ಟರ್ ಪಕ್ಕ ಕೂರುತ್ತೆ. ಒಳಗೊಂದು ಸಿಮ್. ನಾನು ಹಾಸನದಿಂದ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಆನ್, ಇನ್ನೊಂದು ಕೊಟ್ಟರೆ ಆಫ್. ಕರೆಂಟು ಬಂದರೆ, ಹೋದರೆ, ಮೋಟಾರಿಗೆ ಕರೆಂಟು ತರುವ ಮೂರು ಫೇಸ್ (ಲೈನು) ಪೈಕಿ ಒಂದು ಕೈಕೊಟ್ಟರೆ ಮೆಸೇಜು.

ನಾನು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಪ್ರತಿ ಫೆಬ್ರವರಿ 28ಕ್ಕೆ, ರಾಷ್ಟ್ರೀಯ ವಿಜ್ಞಾನ ದಿನದಂದು, ಮಕ್ಕಳಿಂದ 'ಮುಂದಿನ 50 ವರ್ಷ' ಅಂತ ಚಾರ್ಟ್ ಬರೆಸುತ್ತೇನೆ. ಹಾರುವ ಕಾರು ಇಲ್ಲದ ಚಾರ್ಟು ಇವತ್ತಿನವರೆಗೆ ನೋಡಿಲ್ಲ. ಪಂಪ್‌ಸೆಟ್ ಇರುವ ಚಾರ್ಟೂ ನೋಡಿಲ್ಲ. ಚಾರ್ಟು ಗೋಡೆಗೆ ಅಂಟಿಸುವಾಗ ಹಿಂದಿನವರು ಏನೇನು ಊಹಿಸಿದ್ದರು ಅಂತಲೂ ಮಕ್ಕಳಿಗೆ ಹೇಳುತ್ತೇನೆ. ಹೇಳ್ತಾ ಹೇಳ್ತಾ ನನಗೇ ಅನಿಸಿದ್ದು, ಅದರಲ್ಲಿ ಅರ್ಧ ನಮ್ಮ ಮೋಟಾರ್ ಮನೆಯಲ್ಲೇ ಇದೆಯಲ್ಲ ಅಂತ.

1898ರಲ್ಲಿ ನ್ಯೂಯಾರ್ಕಿನಲ್ಲಿ ಸಂಶೋಧಕ ನಿಕೋಲಾ ಟೆಸ್ಲಾ ಒಂದು ಪುಟ್ಟ ದೋಣಿಯನ್ನು ವೈರಿಲ್ಲದೆ, ಬರೀ ರೇಡಿಯೋ ಅಲೆಯಲ್ಲಿ ಓಡಿಸಿ ತೋರಿಸಿದ. ಒಳಗೆ ಪಳಗಿಸಿದ ಕೋತಿ ಕೂತಿದೆ ಅಂದವರೂ ಇದ್ದರಂತೆ. 1926ರ ಒಂದು ಸಂದರ್ಶನದಲ್ಲಿ ಅವನೇ, ಮುಂದೆ ಜನ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಫೋನು ಬರುತ್ತೆ ಅಂದಿದ್ದ. ಎರಡನ್ನೂ ಸೇರಿಸಿದರೆ ನನ್ನ ಸ್ಟಾರ್ಟರ್. ತಿಂಗಳಾ ತಿಂಗಳಾ ರೀಚಾರ್ಜ್ ಮಾಡಿಸಬೇಕು ಅಂತ ಮಾತ್ರ ಹೇಳಿರಲಿಲ್ಲ.

ಕೋತಿ ಕಥೆ ನಮ್ಮಲ್ಲೂ ನಡೆಯಿತು. ಡಬ್ಬಕ್ಕೆ ಕಾಲ್ ಮಾಡಿದರೆ ಒಬ್ಬ ಹೆಣ್ಣುಮಗಳ ದನಿ, 'ಮೋಟಾರ್ ಚಾಲನೆಯಲ್ಲಿದೆ' ಅನ್ನುತ್ತೆ. ಅಪ್ಪ ಮೊದಲ ವಾರ ಪೂರ್ತಿ ಅವಳಿಗೆ ಉತ್ತರ ಕೊಟ್ಟರು. 'ಹೂಂ ಕಣಮ್ಮ, ಇರ್ಲಿ ಬಿಡು, ಇನ್ನೊಂದ್ ಗಂಟೆ ಓಡ್ಲಿ' ಅಂತ. ಅಮ್ಮ ಅಡುಗೆಮನೆಯಿಂದ, 'ಯಾರ್ ಜೊತೆ ರೀ ಮಾತು?' ಈಗಲೂ ಫೋನ್ ಇಡುವ ಮುಂಚೆ 'ಸರಿ ಕಣಮ್ಮ' ಅನ್ನುವುದು ತಪ್ಪಿಲ್ಲ.

ಮುಂಚೆ ಹೇಗಿತ್ತು ಅಂದರೆ, ನಮ್ಮ ಲೈನಿಗೆ ತ್ರೀಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯಲ್ಲಿ ಅಪ್ಪ ಟಾರ್ಚು, ಕೋಲು ಹಿಡಿದು ಎರಡು ಗಂಟೆಗೆ ತೋಟಕ್ಕೆ ಹೋಗುತ್ತಿದ್ದರು. ಹಾವು, ಚಿರತೆ ಎರಡರ ಭಯವೂ ಇತ್ತು. ಹೋಗಿ ಸ್ವಿಚ್ ಒತ್ತಿ ಮನೆಗೆ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಆ ನಡಿಗೆ ನಿಂತಿತು. ಡಬ್ಬ ಇದೊಂದನ್ನೇ ಮಾಡಿದ್ದರೂ 6,500 ದಂಡ ಅಂತ ನಾನು ಅನ್ನುತ್ತಿರಲಿಲ್ಲ.

1954ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಭಾಷಣದಲ್ಲಿ ಹೇಳಿದ್ದರು: ನಮ್ಮ ಮಕ್ಕಳ ಕಾಲಕ್ಕೆ ಕರೆಂಟು ಎಷ್ಟು ಅಗ್ಗ ಆಗುತ್ತೆ ಅಂದರೆ ಮೀಟರ್ ಹಾಕುವುದೇ ದಂಡ. ಅಮೆರಿಕದಲ್ಲಿ ಹಾಗೇನೂ ಆಗಲಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ನಮ್ಮ ಮೋಟಾರ್ ಮನೆಯಲ್ಲಿ ಮೀಟರೇ ಇಲ್ಲ! ಸ್ಟ್ರಾಸ್ ಹೇಳಿದ್ದು ನಮ್ಮ ತೋಟದಲ್ಲಿ ಅಕ್ಷರಶಃ ನಿಜ. ಕರೆಂಟು ಯಾವಾಗ ಇರುತ್ತೆ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ.

ಇದರಿಂದ ಒಂದು ಪಜೀತಿ ಆಯಿತು. ಡಬ್ಬದಲ್ಲಿ ಆಟೋ ಅಂತ ಇದೆ. ಕರೆಂಟು ಬಂದ ತಕ್ಷಣ ತಾನೇ ಮೋಟಾರ್ ಆನ್ ಮಾಡುತ್ತೆ. ನಮ್ಮದೊಂದೇ ಇದ್ದಾಗ ಚೆನ್ನಾಗಿತ್ತು. ಎರಡೇ ವರ್ಷದಲ್ಲಿ ಅದೇ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಲೈನ್ ಎಳೆದ ಎಂಟು ತೋಟದವರೂ ಮೊಬೈಲ್ ಸ್ಟಾರ್ಟರ್ ಹಾಕಿಸಿದರು, ಎಲ್ಲರದ್ದೂ ಆಟೋ. ಕರೆಂಟು ಬಂದ ಕೂಡಲೇ ಎಂಟು ಮೋಟಾರ್ ಒಟ್ಟಿಗೆ ಎದ್ದು ನಿಂತವು. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತೆ. ಟಿಸಿಯ ಫ್ಯೂಸ್ ಡಬ್ ಅಂತು. ಹಾಕಿಸಿದರೆ ಮತ್ತೆ ಡಬ್. ಕೊನೆಗೆ ಬುದ್ಧಿ ಬಂದದ್ದು ಯಂತ್ರಕ್ಕಲ್ಲ. ಅರಳಿಕಟ್ಟೆ ಮೇಲೆ ಕೂತು ಯಾರ ಮೋಟಾರ್ ಎಷ್ಟು ನಿಮಿಷ ಬಿಟ್ಟು ಶುರುವಾಗಬೇಕು ಅಂತ ಪಾಳಿ ಹಾಕಿಕೊಂಡೆವು. ನಮ್ಮದು ನಾಲ್ಕನೇ ನಿಮಿಷ. ಡಿಲೇ ಸೆಟ್ಟಿಂಗ್ ಅಂತ ಡಬ್ಬದಲ್ಲೇ ಇದೆ, ಮೊದಲ ದಿನವೇ ಹಾಕಿಕೊಳ್ಳಿ. ಇಬ್ಬರು ಅಣ್ಣತಮ್ಮಂದಿರು ಮೊದಲನೇ ನಿಮಿಷಕ್ಕೆ ಜಗಳ ಆಡಿದರು, ಅದು ಬೇರೆ ಕಥೆ.

ನಿಜವಾಗಿ ದುಡ್ಡು ಉಳಿಸಿದ್ದು ಡ್ರೈ ರನ್ ಸೆಟ್ಟಿಂಗ್, ಅಂದರೆ ನೀರಿಲ್ಲದೆ ಓಡುವ ಮೋಟಾರನ್ನು ನಿಲ್ಲಿಸುವ ವ್ಯವಸ್ಥೆ. 2023ರ ಬರ ಗೊತ್ತಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಅರ್ಧ ಗಂಟೆ ನೀರು ಕೊಟ್ಟು ಗಾಳಿ ಉಗುಳಲು ಶುರು ಮಾಡಿತು. ನೀರಿಲ್ಲದಾಗ ಮೋಟಾರ್ ಹಗುರಾಗಿ ತಿರುಗುತ್ತೆ, ಆಂಪ್ಸ್ ಇಳಿಯುತ್ತೆ. ಅದನ್ನು ನೋಡಿ ಡಬ್ಬ ಮೋಟಾರ್ ನಿಲ್ಲಿಸುತ್ತೆ. ಆ ಎರಡು ತಿಂಗಳಲ್ಲಿ ಎಷ್ಟು ಸಲ ನಿಲ್ಲಿಸಿತೋ ಲೆಕ್ಕ ಇಲ್ಲ. ಹಿಂದೆ ಒಮ್ಮೆ ಮೋಟಾರ್ ಸುಟ್ಟಾಗ 600 ಅಡಿಯಿಂದ ಪೈಪು ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದ್ದಕ್ಕೆ ಆದ ಖರ್ಚಿನಲ್ಲಿ ಇಂಥ ಮೂರು ಡಬ್ಬ ಬರುತ್ತಿತ್ತು.

ಆದರೆ ಡಬ್ಬಕ್ಕೆ ಗೊತ್ತಿರುವುದು ಕರೆಂಟು. ನೀರು ಗೊತ್ತಿಲ್ಲ. ಒಮ್ಮೆ ಮೇನ್ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಮೂರು ಗಂಟೆ ನೀರೆಲ್ಲ ರಸ್ತೆಗೆ ಹರಿಯಿತು. ನನ್ನ ಫೋನಿನಲ್ಲಿ ಎಲ್ಲ ಸರಿ. ಆ ಹೆಣ್ಣುಮಗಳೂ ಚಾಲನೆಯಲ್ಲಿದೆ ಅಂತಲೇ ಹೇಳುತ್ತಿದ್ದಾಳೆ. ಪಕ್ಕದ ತೋಟದ ಅಣ್ಣ ವಿಡಿಯೋ ಕಾಲ್ ಮಾಡಿ, 'ಮೇಷ್ಟ್ರೇ, ನಿಮ್ಮ ರಸ್ತೆಗೆ ತೆಂಗು ಹಾಕಿದ್ದೀರಾ?' ಅಂತ ತೋರಿಸಿದಾಗಲೇ ಗೊತ್ತಾಗಿದ್ದು. ಈ ವಿಡಿಯೋ ಕಾಲ್ ಕೂಡ ಹಳೆಯ ಭವಿಷ್ಯವೇ. 1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಪಿಕ್ಚರ್‌ಫೋನ್ ತೋರಿಸಿದ್ದರು. ಅದೇ ವರ್ಷ ನ್ಯೂಯಾರ್ಕಿನಿಂದ ವಾಷಿಂಗ್‌ಟನ್‌ಗೆ ಮೂರು ನಿಮಿಷ ಮುಖ ನೋಡಿಕೊಂಡು ಮಾತಾಡಲು 16 ಡಾಲರ್. ಜನ ಬೇಡ ಅಂದರು, ಮುಳುಗಿತು. ಈಗ ಅದೇ ಕೆಲಸ ಪುಕ್ಕಟೆ ನಡೆಯುತ್ತೆ, ನೋಡುವುದು ಮಾತ್ರ ಒಡೆದ ಪೈಪು.

ಸಿಮ್ಮಿನ ಕಾಟ ಸಣ್ಣದಲ್ಲ. 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 13 ರೀಚಾರ್ಜ್. ಒಂದು ಮರೆತರೆ ಡಬ್ಬ ಮೂಕ. ನನ್ನದು ಹಳೆಯ 2ಜಿ ಡಬ್ಬ, 4ಜಿ ಮಾತ್ರ ಇರುವ ಕಂಪನಿಯ ಸಿಮ್ ಹಾಕಿದರೆ ಸತ್ತಂತೆ ಕೂತಿರುತ್ತೆ. ಸಾಲ ಬೇಕಾ ಅಂತ ಕೇಳುವವರು ನಮ್ಮ ಬೋರ್‌ವೆಲ್‌ಗೂ ಫೋನ್ ಮಾಡುತ್ತಾರೆ. ಡಬ್ಬದಲ್ಲಿ ನಿಮ್ಮ ನಂಬರ್ ನೋಂದಣಿ ಮಾಡಿಟ್ಟಿಲ್ಲದಿದ್ದರೆ ಅವರೇ ಮೋಟಾರ್ ಆನ್ ಮಾಡಿಬಿಡುತ್ತಾರೆ, ಹುಷಾರು.

ನಾನು ಸ್ಕೂಲಿಗೆ ಹೋಗುವ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ, ಇದೆ. ದೊಡ್ಡ ದೊಡ್ಡ ಡಿಶ್‌ಗಳು. 1945ರಲ್ಲಿ ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್, ಸುಮಾರು 36,000 ಕಿಲೋಮೀಟರ್ ಮೇಲೆ ಮೂರು ನಿಲ್ದಾಣ ಇಟ್ಟರೆ ಇಡೀ ಭೂಮಿಗೆ ರೇಡಿಯೋ ಮುಟ್ಟಿಸಬಹುದು ಅಂತ ಬರೆದಿದ್ದ. ಲೆಕ್ಕ ಸರಿಯಾಗೇ ಇತ್ತು. ಆದರೆ ಅವನ ಮನಸ್ಸಿನಲ್ಲಿದ್ದದ್ದು ಜನ ವಾಸ ಇರುವ ನಿಲ್ದಾಣ. ಆಗಿನ ರೇಡಿಯೋಗಳಲ್ಲಿ ಬಲ್ಬಿನಂಥ ಗಾಜಿನ ವಾಲ್ವುಗಳು, ಸುಟ್ಟರೆ ಬದಲಾಯಿಸಲು ಮೇಲೆ ಯಾರಾದರೂ ಬೇಕಲ್ಲ. ಆಮೇಲೆ ಟ್ರಾನ್ಸಿಸ್ಟರ್ ಬಂತು. ಮೇಲೆ ಕೂರಬೇಕಿದ್ದವರು 1982ರಿಂದ ನಮ್ಮ ಹಾಸನದಲ್ಲೇ ಕೂತು, ಊಟದ ಡಬ್ಬಿ ಕಟ್ಟಿಕೊಂಡು ಹೋಗಿ, ಉಪಗ್ರಹ ನೋಡಿಕೊಳ್ಳುತ್ತಿದ್ದಾರೆ.

ನಮ್ಮ ಮೋಟಾರ್ ಮನೆ ಮಟ್ಟಿಗೆ ಮಾತ್ರ ಕ್ಲಾರ್ಕ್ ಹೇಳಿದ್ದೇ ಸರಿ. ಅಲ್ಲೊಬ್ಬ ಮನುಷ್ಯ ಇರಲೇಬೇಕು. ಯಾಕೆ ಅಂದರೆ ಹಲ್ಲಿ. ಒಂದು ಭಾನುವಾರ ಬೆಳಗ್ಗೆಯಿಂದ ಒಂದು ಫೇಸ್ ಇಲ್ಲ ಅಂತ ಮೆಸೇಜು. ಲೈನ್‌ಮನ್ ನೋಡಿ ಲೈನ್ ಸರಿಯಿದೆ ಅಂದರು. ಗಾಡಿ ಹತ್ತಿ ಹೋದೆ. ಸ್ಟಾರ್ಟರ್ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಮೋಟಾರಿಗೆ ಕರೆಂಟು ಜೋಡಿಸುವ ಕಂಟ್ಯಾಕ್ಟರ್‌ನ ಎರಡು ಬಿಲ್ಲೆಗಳ ನಡುವೆ ಒಂದು ಹಲ್ಲಿ ಹಪ್ಪಳದ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು, ಬಾಲ ಮಾತ್ರ ಹೊರಗೆ. ಫ್ಯೂಸ್ ಕಿತ್ತಿಟ್ಟು ಪೊರಕೆ ಕಡ್ಡಿಯಲ್ಲಿ ಕೆರೆದು ತೆಗೆದೆ, ಬಿಲ್ಲೆಗೆ ಮರಳು ಕಾಗದ ಉಜ್ಜಿದೆ. ಅಪ್ಪ ಬಾಗಿಲಲ್ಲಿ ನಿಂತು, 'ಹಲ್ಲಿ ಬಿದ್ರೆ ಶಕುನ ಅಂತಾರೆ. ಕಾಂಟ್ಯಾಕ್ಟ್ ಮೇಲೆ ಬಿದ್ರೆ ಏನ್ ಫಲ ನೋಡೋ' ಅಂದರು. ಅವತ್ತಿನಿಂದ ವೈರಿನ ತೂತಿಗೆಲ್ಲ ಎಂ-ಸೀಲ್ ಮೆತ್ತಿ, ಒಳಗೆ ನಾಲ್ಕು ನುಸಿ ಗುಳಿಗೆ ಇಟ್ಟಿದ್ದೇವೆ. ಇರುವೆಯೂ ಬರಲ್ಲ. ಗುಳಿಗೆ ಕರಗುತ್ತೆ, ಎರಡು ತಿಂಗಳಿಗೊಮ್ಮೆ ಬದಲಾಯಿಸಬೇಕು.

ಬ್ಯಾಟರಿ ವಿಷಯ. ಕರೆಂಟು ಹೋದಾಗ ಮೆಸೇಜ್ ಕಳಿಸಲು ಒಳಗೊಂದು ಚಿಕ್ಕ ಬ್ಯಾಟರಿ ಇದೆ. ಎರಡು ವರ್ಷಕ್ಕೊಮ್ಮೆ ಸಾಯುತ್ತೆ, ನಾನು ಮೂರನೆಯದರಲ್ಲಿದ್ದೇನೆ. 1964ರಲ್ಲಿ ವಿಜ್ಞಾನ ಕಥೆಗಾರ ಐಸಾಕ್ ಅಸಿಮೊವ್, 2014ರ ಉಪಕರಣಗಳಿಗೆ ವೈರೇ ಇರಲ್ಲ, ವಿಕಿರಣದ ಮೇಲೆ ನಡೆಯುವ ದೀರ್ಘಾಯುಷ್ಯದ ಬ್ಯಾಟರಿ ಇರುತ್ತೆ ಅಂತ ಪತ್ರಿಕೆಗೆ ಬರೆದಿದ್ದ. ನಮ್ಮ ಮೋಟಾರ್ ಮನೆ ಗೋಡೆಯ ವೈರುಗಳನ್ನು ಅವನಿಗೊಮ್ಮೆ ತೋರಿಸಬೇಕಿತ್ತು. ಅದೇ ಬರಹದಲ್ಲಿ, ಆಗ ರೋಬೋಟುಗಳು ಇರುತ್ತವೆ, ಆದರೆ ಎಲ್ಲೆಲ್ಲೂ ಇರಲ್ಲ, ಅಷ್ಟೇನೂ ಚೆನ್ನಾಗೂ ಇರಲ್ಲ ಅಂದಿದ್ದಾನೆ. ಆ ಮಾತಿಗೆ ಪೂರ್ತಿ ಮಾರ್ಕ್ಸ್.

ಸರ್ವಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆ ಬೋರ್ಡ್ ಕೆಟ್ಟಾಗ ಬೆಂಗಳೂರಿಗೆ ಕೊರಿಯರ್ ಮಾಡಿಸಿ 19 ದಿನ ಕಾಯಿಸಿದರು. ಆ 19 ದಿನ ಅಪ್ಪ ಮತ್ತೆ ಟಾರ್ಚು ಹಿಡಿದರು.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಅಪ್ಪನ ನಿದ್ದೆ ಉಳಿಯಿತು, ನನ್ನದು ಹೋಯಿತು. ರಾತ್ರಿ ಪಾಳಿಯ ವಾರ ಕರೆಂಟು ಐದು ಸಲ ಹೋಗಿ ಬಂದರೆ ಹತ್ತು ಮೆಸೇಜು. ಹೆಂಡತಿ ಈಗ ಫೋನನ್ನು ಹಾಲ್‌ನಲ್ಲಿ ಇಡಿಸುತ್ತಾಳೆ.

ಈಗ ಕೊಳ್ಳುವವರು 4ಜಿ ಡಬ್ಬವನ್ನೇ ತಗೊಳ್ಳಿ. ಡ್ರೈ ರನ್ ಸೆಟ್ಟಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ಬಿಡದೆ, ಮೋಟಾರ್ ನೀರು ಎತ್ತುವಾಗ ಎಷ್ಟು ಆಂಪ್ಸ್ ಅಂತ ನೀವೇ ನೋಡಿ ಹಾಕಿಸಿ. ಪಕ್ಕದ ತೋಟದವರ ಜೊತೆ ಮಾತು ಬಿಟ್ಟಿದ್ದರೆ ಮೊದಲು ಮಾತಾಡಿಸಿ.

ನನ್ನ ರೇಟಿಂಗ್ ಐದಕ್ಕೆ ನಾಲ್ಕು. ಒಂದನ್ನು ಹಲ್ಲಿ ತಿಂದಿತು.