ಥರ್ಮಾಮೀಟರ್ ಇದೆ, ಬಿಸಿಯೇ ಇಲ್ಲ: ಎಲ್‌ಟಿಸ್ಪೈಸ್ ಬಳಸಿದವನ ಮಾತು

ಎಲ್‌ಟಿಸ್ಪೈಸ್ ಎಂದರೆ ಸರ್ಕ್ಯೂಟನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಾಫ್ಟ್‌ವೇರ್. ಉಚಿತ, ಸರ್ಕ್ಯೂಟ್ ಎಷ್ಟು ದೊಡ್ಡದಾದರೂ ತಕರಾರಿಲ್ಲ, ನೋಡೋಕೆ ಮಾತ್ರ ಹಳೇ ಕಾಲದ್ದು. ಇಷ್ಟು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಬಳಸಿದ ಮೇಲೂ ನಾನಿದನ್ನು ಬಿಡದಿರುವುದು ಒಂದು ಕೀಗಾಗಿ: ಆಲ್ಟ್.

ಸಿಮ್ಯುಲೇಷನ್ ಓಡಿಸಿ ವೈರಿನ ಮೇಲೆ ಮೌಸ್ ತಂದರೆ ಕರ್ಸರ್ ಪ್ರೋಬ್ ಆಗುತ್ತದೆ; ಕ್ಲಿಕ್ ಮಾಡಿದರೆ ವೋಲ್ಟೇಜ್. ರೆಸಿಸ್ಟರ್ ಮೇಲೆ ತಂದರೆ ಕರೆಂಟ್. ಆಲ್ಟ್ ಹಿಡಿದುಕೊಂಡು ತಂದರೆ ಪುಟ್ಟದೊಂದು ಥರ್ಮಾಮೀಟರ್! ಈಗ ಕ್ಲಿಕ್ ಮಾಡಿದರೆ ಆ ಬಿಡಿಭಾಗ ಕ್ಷಣಕ್ಷಣಕ್ಕೂ ಎಷ್ಟು ವಾಟ್ ನುಂಗುತ್ತಿದೆ ಅನ್ನುವುದು ಗೆರೆಯಾಗಿ ಮೂಡುತ್ತದೆ.

ನಾನು ಕಟ್ಟುವುದು ಹೆಚ್ಚಾಗಿ ಸ್ವಿಚಿಂಗ್ ಪವರ್ ಸಪ್ಲೈ, ಅಂದರೆ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಬೇಕಾದ ವೋಲ್ಟೇಜ್ ಕೊಡುವಂಥದ್ದು. ಹಾಗಾಗಿ ಔಟ್‌ಪುಟ್ ಸರಿ ಬಂತಾ ಎಂದು ನೋಡುವ ಮೊದಲೇ ಕೈ ಆಲ್ಟ್‌ಗೆ ಹೋಗುತ್ತದೆ. ಮೊದಲು ಮಾಸ್ಫೆಟ್ (ಆ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್), ಆಮೇಲೆ ಡಯೋಡ್, ಕೊನೆಗೆ ಇಂಡಕ್ಟರ್. ಮಾಸ್ಫೆಟ್ ಪೂರ್ತಿ ಆನ್ ಇದ್ದಾಗಲೂ ಪೂರ್ತಿ ಆಫ್ ಇದ್ದಾಗಲೂ ಗೆರೆ ಬಹುತೇಕ ನೆಲ ಹಿಡಿದಿರುತ್ತದೆ; ಒಂದರಿಂದ ಇನ್ನೊಂದಕ್ಕೆ ಹೊರಳುವ ಕೆಲವೇ ನ್ಯಾನೋಸೆಕೆಂಡಿನಲ್ಲಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ಇರುವುದರಿಂದ ಸೂಜಿಯಂತೆ ಮೇಲೇಳುತ್ತದೆ. ಗೇಟ್ (ಮಾಸ್ಫೆಟ್ಟನ್ನು ನಿಯಂತ್ರಿಸುವ ಪಿನ್) ರೆಸಿಸ್ಟರ್ ದೊಡ್ಡದು ಮಾಡಿದಷ್ಟೂ ಆ ಸೂಜಿ ದಪ್ಪ. ಶುರುವಿನ ಗಲಾಟೆ ಬಿಟ್ಟು, ಸರ್ಕ್ಯೂಟ್ ನೆಲೆನಿಂತ ಭಾಗಕ್ಕಷ್ಟೇ ಝೂಮ್ ಮಾಡಿ, ಕಂಟ್ರೋಲ್ ಹಿಡಿದು ಗೆರೆಯ ಹೆಸರಿನ ಮೇಲೆ ಒತ್ತಿದರೆ ಸರಾಸರಿ ವಾಟ್ ಸಿಗುತ್ತದೆ. ಇದನ್ನೇ ಮೇಜಿನ ಮೇಲೆ ಅಳೆಯಬೇಕೆಂದರೆ ಕರೆಂಟ್ ಪ್ರೋಬ್ ಬೇಕು, ಅದರ ಬೆಲೆ ನನ್ನಂಥ ಹವ್ಯಾಸಿಯ ಆಸಿಲೋಸ್ಕೋಪಿಗಿಂತ ಹೆಚ್ಚು.

ಆದರೆ ಬಳಸುತ್ತಾ ಹೋದಂತೆ ಆ ಥರ್ಮಾಮೀಟರೇ ನನ್ನನ್ನು ರೇಗಿಸತೊಡಗಿತು. ಚಿತ್ರ ಉಷ್ಣತೆಯದ್ದು, ತೋರಿಸುವುದು ವಾಟ್. ಬೇರೆ ಹೇಳದಿದ್ದರೆ ಒಳಗಿರುವ ಪ್ರತಿಯೊಂದು ಭಾಗವೂ 27 ಡಿಗ್ರಿಯಲ್ಲೇ ಕೂತಿರುತ್ತದೆ. ಕಾಲು ವಾಟಿನ ರೆಸಿಸ್ಟರಿಗೆ 40 ವಾಟ್ ಹರಿಸಿ ನೋಡಿ, ಹೊಗೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಪವರ್ ರೇಟಿಂಗ್ ಬರೆಯಲು ಜಾಗ ಕೊಟ್ಟಿದ್ದಾರೆ, ಬರೆದರೂ ಅದು ಯಾವ ಲೆಕ್ಕಕ್ಕೂ ಇಲ್ಲ. ಹೊಸಬರು ಮೋಸಹೋಗುವುದು ಇಲ್ಲೇ. ಪರದೆಯ ಮೇಲೆ ನಡೆಯಿತೆಂದು ಬೋರ್ಡಿಗಿಳಿಸುತ್ತಾರೆ.

ಹಾಗಾಗಿ ಬಿಸಿಯ ಲೆಕ್ಕ ಕೈಯಲ್ಲೇ. ಸರಾಸರಿ 1.5 ವಾಟ್ ಬಂತೆನ್ನಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದ, ಟಿಓ-220 ಎಂಬ ಮಾದರಿಯ ಕವಚದ ಮಾಸ್ಫೆಟ್ಟಿಗೆ ಡೇಟಾಶೀಟಿನಲ್ಲಿ ವಾಟಿಗೆ 62 ಡಿಗ್ರಿ ಎಂದಿದ್ದರೆ ಏರುವುದು 93. ಸುತ್ತಲಿನ 30 ಸೇರಿ 123. ಅಷ್ಟು ಬಿಸಿಯಲ್ಲಿ ಮಾಸ್ಫೆಟ್ಟಿನ ಆನ್ ರೆಸಿಸ್ಟೆನ್ಸ್ ಒಂದೂವರೆಯಿಂದ ಎರಡು ಪಟ್ಟಾಗುವುದು ಮಾಮೂಲಿ, ಅಂದರೆ 1.5 ಅನ್ನುವ ಉತ್ತರವೇ ಕಮ್ಮಿಯಾಯಿತು. ಟೆಂಪ್ (ಉಷ್ಣತೆಯ ಸೆಟ್ಟಿಂಗ್) ಬದಲಿಸಿ ಮತ್ತೆ ಓಡಿಸು, ಮತ್ತೆ ಕೂಡು. ಅದೂ ಆ ಬಿಡಿಭಾಗದ ಸಾಫ್ಟ್‌ವೇರ್ ಮಾದರಿ ಬರೆದವರು ಉಷ್ಣತೆಯ ಲೆಕ್ಕ ಸೇರಿಸಿದ್ದರೆ ಮಾತ್ರ ಉಪಯೋಗ. ಒಳಗಿನ ಬಿಸಿಗೆ ಪ್ರತ್ಯೇಕ ಪಿನ್ ಇರುವ ಮಾದರಿಗಳೂ ಇವೆ, ನನಗೆ ಬೇಕಾದ ಭಾಗಕ್ಕೆ ಸಿಕ್ಕಿದ್ದು ಅಪರೂಪ.

ಇನ್ನು ಬಿಡಿಭಾಗದ ಅಳತೆ ಬರೆಯುವಾಗ 1ಎಂ (1M) ಎಂದರೆ ಮೆಗಾ ಅಲ್ಲ, ಮಿಲಿ. ಮೆಗಾಗೆ ಮೆಗ್ ಎಂದೇ ಬರೆಯಬೇಕು. ಇದು 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಮೂಲ ಸ್ಪೈಸ್‌ನ ಬಳುವಳಿ. ಪಂಚ್ ಕಾರ್ಡಿನ ಆ ಕಾಲಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇರಲಿಲ್ಲ. ಇದಕ್ಕೆ ಬೈದು ಪ್ರಯೋಜನವಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಪವರ್ ಸಪ್ಲೈ, ಆಂಪ್ಲಿಫೈಯರ್, ಫಿಲ್ಟರ್ ಮಾಡುವವರು ಕಣ್ಣುಮುಚ್ಚಿ ಹಾಕಿಕೊಳ್ಳಿ. ಮೈಕ್ರೋಕಂಟ್ರೋಲರಿಗೆ ಬರೆದ ಕೋಡನ್ನು ಓಡಿಸಿ ನೋಡಬೇಕೆನ್ನುವವರಿಗೆ ಇದು ಆಗದು.